ಎರಡನೆಯ ಶಿಖರ

ಬೂದುಗಾಳಿ ಬೀಸತೊಡಗಿದ ಮೇಲೆ ಊರಿನವರೆಲ್ಲ ವಾರಕ್ಕೊಮ್ಮೆ ಮದ್ದು ನುಂಗುತ್ತಿದ್ದರು. ಆ ಮದ್ದು ರಕ್ತದೊಳಗಿನ ವಿಷವನ್ನು ಹಿಡಿದಿಟ್ಟಿದೆಯೇ ಎಂದು ತಿಂಗಳಿಗೊಮ್ಮೆ ನೋಡುವುದು ಇಂದುಮತಿಯ ಕೆಲಸ. ಕೂದಲಿಗಿಂತ ಸಣ್ಣ ಗಾಜಿನ ನಳಿಗೆಗೆ ರಕ್ತ ಏರಿಸಿ ವಿದ್ಯುತ್ತು ಹರಿಸಿದರೆ, ಒಂದಕ್ಕೊಂದು ಅಂಟಿಕೊಂಡ ಮದ್ದು, ವಿಷ ಜೊತೆಯಾಗಿಯೇ ಸಾಗಿ ಪರದೆಯ ಮೇಲೆ ಓಡುವ ಗೆರೆಯಲ್ಲಿ ಒಂದೇ ಶಿಖರ ಏಳುತ್ತಿತ್ತು. ಹಿಡಿತ ಸಡಿಲಿದ್ದರೆ ಎರಡು. ಎರಡು ಬಂದವರ ಉಸಿರು ಮನೆಮಂದಿಗೂ ವಿಷ. ಅವರು ಗುಡ್ಡದ ವಾರ್ಡಿಗೆ ಹೋಗಲೇಬೇಕು. ಹೋದವರು ಯಾರೂ ಮರಳಿರಲಿಲ್ಲ.

ಅಂದು ಗಂಡ ಚನ್ನವೀರನ ಸರದಿಯಲ್ಲಿ ಎರಡನೆಯ ಶಿಖರ ಎದ್ದಿತು. ಇಂದುಮತಿ ಅದೇ ರಕ್ತವನ್ನು ಇನ್ನೊಮ್ಮೆ ಏರಿಸಿದಳು. ಮತ್ತೆ ಎರಡೇ.

ಗಾಜಿನಾಚೆ ಕೂತಿದ್ದ ಚನ್ನವೀರ ಅವಳ ಮುಖ ನೋಡಿಯೇ ತಿಳಿದುಕೊಂಡ. "ನಂದು ಬಿಡು. ಪಾರಿದು ನೋಡು ಮೊದಲ," ಎಂದ. ಮಗಳು ಪಾರಿ ದಿನವೂ ಮಲಗುತ್ತಿದ್ದುದು ಅವನ ಎದೆಯ ಮೇಲೆ.

"ಒಂದು ಅಂತ ಬರೀತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ."

"ಕೂಸಿನ ಉಸಿರಿಗೆ ಗೊತ್ತಾಗ್ತದಲ್ಲ, ಇಂದೂ."

ಅವಳು ಬೆಳಿಗ್ಗೆ ತೆಗೆದಿಟ್ಟಿದ್ದ ಪಾರಿಯ ರಕ್ತ ಏರಿಸಿದಳು. ಹನ್ನೊಂದು ನಿಮಿಷ ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ಒಂದು ಶಿಖರ ಎದ್ದು ಇಳಿಯಿತು. ಗೆರೆ ಕೊನೆಯವರೆಗೂ ಸಪಾಟಾಗಿಯೇ ಓಡಿತು.

ಚನ್ನವೀರ ಎದ್ದ. ಪಾರಿ ಮುಂಬಾಗಿಲಲ್ಲಿ ಅಪ್ಪನಿಗಾಗಿ ಕಾಯುತ್ತಿದ್ದಳು. ಅವನು ಹಿಂಬಾಗಿಲು ತೆರೆದು ಗುಡ್ಡದ ದಾರಿ ಹಿಡಿದ.