ಎರವಲು ಬೆಳ್ಳಿ

ಕುಣಿತದ ಸುತ್ತು ಇನ್ನೂ ಮುಗಿದಿರಲಿಲ್ಲ, ಫೊರ್ತುನಾತೊ ಎಲಾದಿಯಾಳ ಶಾಲಿಗೆ ಕೈಹಾಕಿ, ಅದನ್ನು ಹಿಡಿದಿದ್ದ ಬೆಳ್ಳಿಯ ತುಪುವನ್ನು ಸರಕ್ಕನೆ ಎಳೆದುಕೊಂಡು ಓಡಿದ. ಪಿನ್ನಿಲ್ಲದ ಶಾಲು ಹೆಗಲಿಂದ ಜಾರಿತು. ಸುತ್ತ ಇದ್ದ ಹುಡುಗಿಯರು ಹೋ ಎಂದರು.

ಆ ಬೆಟ್ಟದ ಊರುಗಳಲ್ಲಿ ಮದುವೆಯಾಗ್ತೀಯಾ ಎಂದು ಯಾವ ಹುಡುಗನೂ ಬಾಯಿಬಿಟ್ಟು ಕೇಳುವುದಿಲ್ಲ. ಕಾರ್ನಿವಲ್ ಹಬ್ಬದ ದಿನ ತುಪು ಕಿತ್ತುಕೊಳ್ಳುತ್ತಾನೆ, ಅಷ್ಟೇ. ಹುಡುಗಿ ನಕ್ಕು ಸುಮ್ಮನಾದರೆ ಒಪ್ಪಿಗೆ. ವಾಪಸ್ ಕೇಳಿದಳೋ, ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಅವಳ ಮನೆ ಕಡೆ ತಲೆ ಹಾಕುವಂತಿಲ್ಲ.

ಎಲಾದಿಯಾ ಆಲೂಗಡ್ಡೆ ಬಿತ್ತಿದಂದಿನಿಂದ ಈ ಗಳಿಗೆಗೇ ಕಾದಿದ್ದಳು. ಆದರೆ ತುಪು ಅವಳದಲ್ಲ, ದಮಿಯಾನಾ ಚಿಕ್ಕಮ್ಮನದು. ಚಿಕ್ಕಮ್ಮನ ಅಜ್ಜಿಯ ಕಾಲದ್ದು. ಅಂಗೈಯಗಲದ ತಲೆ, ಅದರ ಮೇಲೆ ಎರಡು ಹಕ್ಕಿ. ಜೀವ ಹೋದರೂ ಕಳೆಯಬೇಡ ಎಂದು ಬೆಳಿಗ್ಗೆ ಚಿಕ್ಕಮ್ಮ ತಾನೇ ಚುಚ್ಚಿ ಕಳಿಸಿದ್ದಳು. ಇದು ಎರವಲಿನದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಬೆಳಗಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿ ಹೊಟ್ಟೆ ಉರಿದುಕೊಂಡವರೆಲ್ಲ ಅಲ್ಲೇ ನಿಂತಿದ್ದರಲ್ಲ! ಹಾಳು ಬಿಂಕ, ನಾಲಿಗೆ ಏಳಗೊಡಲಿಲ್ಲ.

ಅವಳು ಬೆನ್ನಟ್ಟಿದಳು, ಹುಡುಗಿಯರೂ ಹಿಂದೆಯೇ ಓಡಿಬಂದರು. ಕಲ್ಲುಗೋಡೆಯ ಹತ್ತಿರ ಅವನು ನಗುತ್ತಲೇ ನಿಂತ.

"ಕೊಟ್ಬಿಡು," ಎಂದಳು.

ಅವನ ನಗು ಇಳಿಯಿತು. "ನಿಜವಾಗ್ಲೂ ಕೇಳ್ತಿದೀಯಾ, ಎಲಾದಿಯಾ?"

"ಹೂಂ. ಕೊಡು."

ಮೊನೆ ತಾಗದ ಹಾಗೆ ತಿರುಗಿಸಿ ಅವಳ ಅಂಗೈಯಲ್ಲಿಟ್ಟು, ಅವನು ತನ್ನೂರಿನ ಹುಡುಗರ ಗುಂಪಿನತ್ತ ನಡೆದ. ಕರೆಯಬೇಕು ಅನ್ನಿಸಿತು, ಕರೆಯಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಳು, ಪೆದ್ದಿ.

ಚಿಕ್ಕಮ್ಮ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಹೆಂಡ, ಚಿಚಾ, ಸೋಸುತ್ತಿದ್ದಳು. ಎಲಾದಿಯಾ ತುಪುವನ್ನು ಅವಳ ಮಡಿಲಿಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಶಭಾಷ್ ಅನ್ನುತ್ತಾಳೆಂದು ಕಾದಳು. ಚಿಕ್ಕಮ್ಮನ ಕೈ ನಿಂತುಹೋಯಿತು.

"ಕಳೀಬೇಡ ಅಂದಿದ್ದೆ ಕಣೆ. ಅವನಿಗೆ ಕೊಡಬೇಡ ಅಂದಿದ್ನಾ?"

"ಚಿಕ್ಕಮ್ಮಾ, ಬೆಳ್ಳೀದು ಅಂತ..."

"ಅವನು ಕಿತ್ಕೊಳ್ಳಲಿ ಅಂತಾನೇ ಅಲ್ವೇನೆ ನಾನದನ್ನ ಚುಚ್ಚಿದ್ದು? ನನಗೇನು ಹೆಣ್ಣುಮಕ್ಕಳಿದಾರಾ, ಅವರಿಗೇ ಅಂತ ಇಟ್ಕೊಳ್ಳೋಕೆ?"

ಎಲಾದಿಯಾ ಅತ್ತಳು. ಈಗಲೇ ಹೋಗಿ ಕೊಟ್ಟು ಬರಲೇ ಎಂದು ಕೇಳಿದಳು. ಹುಡುಗಿ ತಾನಾಗಿ ಕೊಡುವ ರೂಢಿ ಎಲ್ಲಿದೆ, ಅವನೇ ಮತ್ತೆ ಕಿತ್ತುಕೊಳ್ಳುತ್ತಾನೇನೋ ಎಂದು ಬರುವ ಕಾರ್ನಿವಲ್‌ವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು ಎಂದಳು ಚಿಕ್ಕಮ್ಮ. ತುಪುವನ್ನು ಮಾತ್ರ ಅವತ್ತೇ ಅವಳ ಹೆಸರಿಗೆ ಮಾಡಿದಳು.

ಮರುವರ್ಷ ಎಲಾದಿಯಾ ಅದನ್ನು ಬೂದಿಯಿಂದ ತಿಕ್ಕಿ ತಿಕ್ಕಿ ಬೆಳಗಿದಳು. ಮುಟ್ಟಿದರೆ ಸಾಕು, ಕೈಗೆ ಬರುವಷ್ಟು ಸಡಿಲವಾಗಿ ಚುಚ್ಚಿಕೊಂಡು ಕುಣಿತಕ್ಕೆ ನಿಂತಳು. ಫೊರ್ತುನಾತೊ ಬಂದ. ಅವಳ ಮುಂದೆ ಹಾಯುವಾಗ ಮರ್ಯಾದೆಯಿಂದ ತಲೆಬಾಗಿಸಿ, ದಾಟಿ ಹೋಗಿ, ಕುರಿ ಕಾಯುವ ಕಸಿಲ್ದಾಳ ಶಾಲಿಗೆ ಕೈಹಾಕಿದ.

ಕಸಿಲ್ದಾಳ ಶಾಲು ಹಿಡಿದಿದ್ದದ್ದು ಒಂದು ಕಳ್ಳಿಮುಳ್ಳು. ಅವಳು ನಕ್ಕು ಸುಮ್ಮನಾದಳು. ಫೊರ್ತುನಾತೊ ಆ ಮುಳ್ಳನ್ನು ಎಲ್ಲರಿಗೂ ಕಾಣುವ ಹಾಗೆ ಟೋಪಿಗೆ ಸಿಕ್ಕಿಸಿಕೊಂಡ.