ಹಲ್ಲಿನ ಒಳಬದಿ

ನಾಲ್ಕು ಗಟ್ಟಿ ಹಲ್ಲು ಕೀಳಬೇಕಾಗಬಹುದು ಎಂದರೆ ಹದಿನೈದರ ಯಾವ ಹುಡುಗಿಯಾದರೂ ಹೆದರಿ ಅಪ್ಪನ ಮುಖ ನೋಡುತ್ತಾಳೆ. ಮೇಸ್ತ್ರಿಯ ಮಗಳು ನಕ್ಕಳು.

“ಹಲ್ಲು ಕೀಳಿಸಿದ್ರೆ ಕೆನ್ನೆ ಒಳಗೆ ಹೋಗುತ್ತಂತಲ್ಲ, ಹೌದಾ ಡಾಕ್ಟರ್?”

“ಅದೆಲ್ಲ ಸುಳ್ಳು. ಹೆದರ್ಕೋಬೇಡ,” ಎಂದರು ಡಾಕ್ಟರಮ್ಮ.

“ಒಂಚೂರೂ ಹೋಗಲ್ವಾ?” ಹುಡುಗಿಯ ಮುಖ ಪೆಚ್ಚಾಯಿತು. ಡಾಕ್ಟರಮ್ಮ ಆಗಲೇ ಅಪ್ಪನ ಕಡೆ ತಿರುಗಿದ್ದರು.

“ಹಲ್ಲು ಒತ್ತೊತ್ತಾಗಿವೆ ಮೇಸ್ತ್ರಿ. ಕಿತ್ತು ಕ್ಲಿಪ್ ಹಾಕಿದ್ರೆ ಸಾಲು ಸಲೀಸಾಗಿ ಕೂರುತ್ತೆ. ಕೀಳದೇನೂ ಹಾಕಬಹುದು, ತುಟಿ ಸ್ವಲ್ಪ ಮುಂದೆ ಕಾಣುತ್ತೆ ಅಷ್ಟೇ. ಕಿತ್ತಿದ್ದು ಮಾತ್ರ ಮತ್ತೆ ಬರಲ್ಲ. ನಿಮ್ಮ ಮಗಳ ಹಲ್ಲಲ್ವಾ, ಚೆನ್ನಾಗೇ ಇರುತ್ತೆ ಅಂತ ನಾನು ಮೇಲೆ ಮೇಲೆ ನೋಡಿದೀನಿ. ಅಚ್ಚು ತಗೊಂಡಿದೀನಿ, ನೀವೇ ಹೊಯ್ದು ನೋಡಿ. ನಾಳೆ ಹೇಳಿ.”

ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನಲ್ಲ. ಆ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು, ಇಪ್ಪತ್ತೆರಡು ವರ್ಷದಿಂದ ಊರವರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಹಲ್ಲಿನ ಸೆಟ್ಟು ಮಾಡುವವನು. ಮೊಣಕೈವರೆಗೂ ಬಿಳಿ ಗಾರೆ, ಅದಕ್ಕೇ ಆ ಹೆಸರು. ಬೇರೆ ಯಾವುದಕ್ಕೂ ಜಂಬವಿಲ್ಲದ ಮನುಷ್ಯ. ಮಗಳ ಹಲ್ಲಿನ ವಿಷಯಕ್ಕೆ ಮಾತ್ರ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. “ಊಟ ಆದ ಕೂಡಲೇ ಉಜ್ಜುತ್ತಾಳೆ ಮೇಡಮ್, ಮೂರು ಹೊತ್ತೂ. ನಾನೇ ಹೇಳ್ಕೊಟ್ಟಿದ್ದು. ಹೊರಗೆ ಉಜ್ಜಿದ್ದು ಊರಿಗೆ, ಒಳಗೆ ಉಜ್ಜಿದ್ದು ನಮಗೆ.” ಡಾಕ್ಟರಮ್ಮ ಈ ಮಾತನ್ನು ನೂರು ಸಲ ಕೇಳಿದ್ದರು. ನೂರಾ ಒಂದನೆಯ ಸಲವೂ ತಲೆಯಾಡಿಸಿದರು.

ಮಗಳ ಅಚ್ಚಿಗೆ ಹೊಯ್ದ ಪ್ಲಾಸ್ಟರ್ ಗಟ್ಟಿಯಾಯಿತು. ಬಿಡಿಸಿ, ಅಂಚು ತೇಯ್ದು, ಅಭ್ಯಾಸದಂತೆ ಮೇಲಿನ ಮುಂದಿನ ಹಲ್ಲುಗಳ ಒಳಬದಿಗೆ ಹೆಬ್ಬೆರಳು ಎಳೆದ. ಅಲ್ಲೊಂದು ಸಣ್ಣ ಏರು, ಸಣ್ಣ ತಗ್ಗು ಸಿಗಬೇಕು. ಬೆರಳು ಜಾರಿತು. ಬಳಸಿ ಬಳಸಿ ಉಳಿದ ಸೋಪಿನ ಚೂರಿನ ಹಾಗೆ ಹಲ್ಲು ತೆಳ್ಳಗಾಗಿತ್ತು. ಹೊಯ್ದದ್ದೇ ಸರಿಯಿಲ್ಲ, ವಯಸ್ಸಾಯಿತು ನನಗೆ ಎಂದು ಬೈದುಕೊಂಡು ಇನ್ನೊಂದು ಹೊಯ್ದ. ಅದೂ ಹಾಗೇ ಬಂತು.

ಇಂಥ ಹಲ್ಲನ್ನು ಅವನು ಹಿಂದೊಮ್ಮೆ ನೋಡಿದ್ದ. ಯಾರದೋ ಮನೆಯ ಹುಡುಗಿಯದು. “ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಉಂಡಿದ್ದನ್ನೆಲ್ಲ ಬೇಕಂತಲೇ ವಾಂತಿ ಮಾಡ್ತಾಳೆ. ಹೊಟ್ಟೆಯ ಹುಳಿ ಹಲ್ಲನ್ನ ಒಳಗಿಂದ ತಿಂದಿದೆ. ಆಮೇಲೆ ತಕ್ಷಣ ಉಜ್ಜಿದ್ರಂತೂ ಇನ್ನೂ ಬೇಗ ಸವೆಯುತ್ತೆ,” ಎಂದು ಡಾಕ್ಟರಮ್ಮನೇ ವಿವರಿಸಿದ್ದರು. “ಆ ಮನೇಲಿ ಯಾರಿಗೂ ಕಣ್ಣಿಲ್ವಾ ಮೇಡಮ್?” ಎಂದು ಕೇಳಿದವನು ಇದೇ ಮೇಸ್ತ್ರಿ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ನೋಡಿ.

ಪ್ಲಾಸ್ಟರಿನ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೊರಟ. ಇಷ್ಟು ಸವೆಯಲು ಒಂದೆರಡು ತಿಂಗಳು ಸಾಲದು, ವರ್ಷಗಳೇ ಬೇಕು. ಅಷ್ಟು ವರ್ಷ, ಊಟವಾದೊಡನೆ ಅವಳು ಸೇರುತ್ತಿದ್ದ ಬಚ್ಚಲಿನ ಬಾಗಿಲ ಈಚೆ ಕೂತು ತಾನು ಮೀಸೆ ತಿರುವುತ್ತಿದ್ದುದನ್ನು ನೆನೆದು ಅವನಿಗೆ ನಡುರಸ್ತೆಯಲ್ಲೇ ಅಳು ಬಂತು.

ಮಗಳು ಚೆನ್ನಾಗಿಯೇ ಉಂಡಳು. ಎರಡನೇ ಸಲವೂ ಹಾಕಿಸಿಕೊಂಡಳು. “ತಿನ್ನೋದೇನೋ ತಿಂತಾಳೆ, ಮೈಗೆ ಹತ್ತಲ್ಲ ಅಷ್ಟೇ,” ಎನ್ನುತ್ತ ಹೆಂಡತಿ ಇನ್ನೊಂದು ಸೌಟು ಬಡಿಸಿದಳು. ಹಲ್ಲು ಕೀಳಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಒಪ್ಪಿಗೆಯ ಕಾಗದ ಮೇಸ್ತ್ರಿಯ ತಟ್ಟೆಯ ಪಕ್ಕದಲ್ಲಿತ್ತು. ಸಹಿ ಎಲ್ಲಿ ಹಾಕಬೇಕೆಂದು ಮಗಳು ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು.

“ಸೈನ್ ಹಾಕಪ್ಪಾ. ನಾಲ್ಕೇ ಹಲ್ಲು ತಾನೇ.”

“ಕೆನ್ನೆ ಒಳಗೆ ಹೋಗಲ್ಲ ಅಂದ್ರಲ್ಲ ಡಾಕ್ಟರು, ಪುಟ್ಟಿ.”

“ಅವರು ಹಾಗೇ ಹೇಳೋದು. ಸ್ವಲ್ಪನಾದ್ರೂ ಹೋಗೇ ಹೋಗುತ್ತೆ,” ಎಂದು ತಟ್ಟೆ ಎತ್ತಿಕೊಂಡು ಎದ್ದಳು.

“ಕೂತ್ಕೋ. ಇವತ್ತೊಂದಿನ ಉಜ್ಜಬೇಡ.”

ಹೆಂಡತಿ ನಕ್ಕಳು. “ಇದೇನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?”

ಮಗಳು ನಗಲಿಲ್ಲ. ಅಪ್ಪನ ಉಬ್ಬಿದ ಜೇಬು ನೋಡಿದಳು. ಮುಖ ನೋಡಿದಳು. “ನೀನೇ ಅಲ್ವಾ ಕಲಿಸಿದ್ದು?” ಎಂದಳು ಮೆಲ್ಲಗೆ. ಬಚ್ಚಲಿನ ಚಿಲಕ ಬಿತ್ತು. ನಲ್ಲಿ ಪೂರ್ತಿ ತಿರುಗಿತು.

“ನೀರು ಅಷ್ಟು ಜೋರಾಗಿ ಬಿಡ್ಬೇಡ್ವೇ,” ಎಂದು ತಾಯಿ ಅಡುಗೆಮನೆಯಿಂದ ಕೂಗಿದಳು.

ಮೇಸ್ತ್ರಿ ಎದ್ದು ಹೋಗಿ ಬಾಗಿಲ ಮುಂದೆ ನಿಂತ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಒಂದು ಕೈ ಜೇಬಿನೊಳಗೆ ಆ ಸವೆದ ಹಲ್ಲುಗಳ ಮೇಲಿತ್ತು. ಇನ್ನೊಂದರಿಂದ ಬಾಗಿಲು ತಟ್ಟಿದ. ನಲ್ಲಿ ನಿಂತಿತು.

“ಏನಪ್ಪಾ?” ದನಿ ಒಡೆದಿತ್ತು.

ಚಿಲಕ ತೆಗಿ ಎನ್ನಬೇಕಿತ್ತು. ತೆಗೆದರೆ ಕಾಣುವ ಮುಖವನ್ನು ನೋಡುವ ಧೈರ್ಯ ಅವನಿಗೆ ಬರಲಿಲ್ಲ.

“ಒಳಗಡೇನೂ ಉಜ್ಜು,” ಎಂದ.

ನಲ್ಲಿ ಮತ್ತೆ ಜೋರಾಯಿತು.