ತೆಪ್ಪದ ಬೇರು

ಹನ್ನೊಂದನೆಯ ದಿನ ಎರಡು ಗಂಟೆ ಕುದಿಸಿದ ಮೇಲೂ ಹಂಡೆಯ ನೀರು ತಿಳಿಯಾಗಿಯೇ ಉಳಿದದ್ದನ್ನು ಕಂಡು ಪಾರ್ಮಿನ್ ಒಲೆ ಆರಿಸಿದ. ಬೇರನ್ನು ಎತ್ತಿ ತಣ್ಣೀರಿನ ಟಬ್ಬಿಗೆ ಬಿಟ್ಟ. ಮೊದಲ ದಿನ ಬೆಂಡಿನಂತೆ ತೇಲುತ್ತಿದ್ದ ಬೇರು ಈಗ ತಳ ಸೇರಿ ಸುಮ್ಮನೆ ಕುಳಿತುಕೊಂಡಿತು. ಸುರಬಾಯಾದ ಆ ಬೀದಿಯಲ್ಲಿ ಗಾಜಿನ ತೊಟ್ಟಿಯ ನೀರಿನೊಳಗೆ ಬೇರು ಕೂರಿಸಿ ಗಿಡ ಬೆಳೆಸಿ ಕೊಡುವವರು ಏಳೆಂಟು ಜನರಿದ್ದರೂ, ಕನ್ನಡಿಯಂಥ ನೀರು ಬೇಕೆನ್ನುವವರು ಇವನ ಅಂಗಡಿಗೇ ಬರುತ್ತಿದ್ದರು. ಬಣ್ಣ ಬಿಡುವ ಬೇರನ್ನು ಅವನು ಒಬ್ಬರಿಗೂ ಮಾರಿದವನಲ್ಲ.

ಈ ಸಲದ ತೊಟ್ಟಿ ಗಿರಾಕಿಗಲ್ಲ, ಹೆಂಡತಿ ಮಸ್ನಿಯಾಗೆ. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಎರಡು ಡಯಾಲಿಸಿಸ್, ದಿನಕ್ಕೆ ಎರಡೇ ಲೋಟ ನೀರು. ಕಳೆದ ತಿಂಗಳು ಡಾಕ್ಟರು ಪಾರ್ಮಿನ್‌ನನ್ನು ಹೊರಗೆ ಕರೆದು, ಇನ್ನು ಅವರು ಕೇಳಿದ್ದನ್ನು ಕೊಟ್ಟುಬಿಡಿ ಎಂದಿದ್ದರು. ಅವಳು ಕೇಳಿದ್ದು ಒಂದೇ. ಸೆಬಂಗಾವು ನದಿಯ ದಡದ ತವರನ್ನು ಇನ್ನೊಂದು ಸಲ ನೋಡಬೇಕು. ಸಮುದ್ರ ದಾಟಿ, ಅಲ್ಲಿಂದ ಮೇಲೆ ಅರ್ಧ ದಿನ ದೋಣಿಯಲ್ಲಿ ಹೋಗಬೇಕಾದ ಊರು. ಆಗದ ಮಾತು.

"ಹಾಗಾದ್ರೆ ನದೀನೇ ಇಲ್ಲಿಗೆ ತರಿಸಿ. ಊರಿಗೆಲ್ಲ ಮಾಡಿಕೊಡ್ತೀರಲ್ಲ, ನನಗೂ ಒಂದು ಮಾಡಿಕೊಡಿ. ಕುಡಿಯೋಕಂತೂ ಬಿಡಲ್ಲ, ಕಣ್ತುಂಬ ನೋಡ್ತೀನಿ" ಎಂದಿದ್ದಳು.

ಅವಳ ತಮ್ಮ ಸಬ್ರಿ ಹಡಗು ಹತ್ತಿ ಎರಡು ಗೋಣಿಚೀಲ ತಂದ. ಒಂದರಲ್ಲಿ, ತಾಯಿಮನೆಯ ಮುಂದೆ ಸ್ನಾನದ ತೆಪ್ಪವನ್ನು ಹಗ್ಗದಿಂದ ಕಟ್ಟಿಹಾಕುತ್ತಿದ್ದ ಒಣಬೇರು. ಇನ್ನೊಂದರಲ್ಲಿ ದಡದ ಕಪ್ಪು ಮಣ್ಣು. "ಭಾವ, ಜಾಸ್ತಿ ತೊಳೀಬೇಡಿ" ಎಂದ. "ಮೀನಿಗೆ ಈಜು ಕಲಿಸೋಕೆ ಬಂದ್ಯಾ?" ಎಂದು ಪಾರ್ಮಿನ್ ಅವನ ಬೆನ್ನಿಗೊಂದು ಗುದ್ದಿ, ಊಟ ಹಾಕಿ ಕಳಿಸಿಕೊಟ್ಟಿದ್ದ.

ಆಮೇಲೆ ಬೆಳಿಗ್ಗೆ ಸಂಜೆ ಬೇರು ಕುದಿಸಿದ್ದೇ ಕುದಿಸಿದ್ದು. ಕಡುಚಹದಂತೆ ಕೆಂಪಾದ ನೀರನ್ನು ಹಿತ್ತಲ ಚರಂಡಿಗೆ ಚೆಲ್ಲಿದ. ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದನ್ನೂ ತಿಕ್ಕಿದ. ಹಗ್ಗ ಸವೆಸಿದ ಗುರುತೊಂದು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಪ್ಪು ಮಣ್ಣು ನೀರನ್ನು ಕದಡುತ್ತದೆಂದು ಅದನ್ನೂ ಚರಂಡಿಗೆ ಸುರಿದು, ಅಂಗಡಿಯಲ್ಲಿದ್ದ ಸುಟ್ಟಮಣ್ಣಿನ ಕಾಳನ್ನು ತೊಟ್ಟಿಯ ತಳಕ್ಕೆ ಹಾಸಿದ. ಹಿಂದೆ ಎತ್ತರ, ಮುಂದೆ ಇಳಿಜಾರು. ಅದರ ಮೇಲೆ ಹದಿನೈದು ಸಲ ತೊಳೆದ ಮರಳು.

ಒಳಕೋಣೆಯ ಮಂಚದಿಂದ ಮಸ್ನಿಯಾ ದಿನಾ ಕೇಳುತ್ತಿದ್ದಳು. "ಬಣ್ಣ ಬಿಡ್ತಾ ಇದೆಯಾ?"

"ಬಿಡ್ತಾ ಇದೆ."

ಅವಳ ಮುಖ ಅರಳುತ್ತಿತ್ತು. ಬೇಗ ತಿಳಿಯಾಗಲಿ ಎಂಬ ಆಸೆಯೆಂದು ಇವನು ತಿಳಿದಿದ್ದ.

ಹನ್ನೆರಡನೆಯ ದಿನ ತೊಟ್ಟಿಯನ್ನು ಅವಳ ಮಂಚದ ಪಕ್ಕಕ್ಕೆ ತಂದು, ಬೇರು ಕೂರಿಸಿ, ಅದರ ಬುಡಕ್ಕೆ ಪಾಚಿ ಕಟ್ಟಿ, ಗಿಡ ನೆಟ್ಟು, ಮರಳು ಏಳದಂತೆ ತಟ್ಟೆಯ ಮೇಲೆ ಸಣ್ಣಗೆ ನೀರು ಹುಯ್ದ. ಕಿಟಕಿಯ ಪರದೆ ಸರಿಸಿ ಅವಳನ್ನು ದಿಂಬಿಗೆ ಒರಗಿಸಿದ.

"ನೀರೆಲ್ಲಿ?" ಎಂದಳು.

"ಕಾಣಲ್ಲ ಅಲ್ವಾ? ಅದೇ ನನ್ನ ಕೈಗುಣ."

"ನಮ್ಮೂರ ನೀರು ಚಹದ ಬಣ್ಣ ಅಲ್ವೇನ್ರೀ. ಅದ್ರಲ್ಲೇ ಮಿಂದು, ಅದನ್ನೇ ಕುಡಿದು ಬೆಳೆದೋಳು ನಾನು. ಬಣ್ಣ ಬಿಡ್ತಾ ಇದೆ ಅಂದ್ರಲ್ಲ ದಿನಾ, ಅದೆಲ್ಲ ಏನಾಯ್ತು?"

ಪಾರ್ಮಿನ್ ಹಿತ್ತಲ ಬಾಗಿಲ ಕಡೆ ನೋಡಿದ.

"ಚರಂಡಿಗಾ?" ಮಸ್ನಿಯಾ ನಕ್ಕಳು. ನಗು ಕೆಮ್ಮಾಯಿತು. "ಹೆಂಡತಿ ತವರನ್ನ ಕುದಿಸಿ ಚರಂಡಿಗೆ ಚೆಲ್ಲಿದ ಗಂಡ ಇಡೀ ಜಾವಾದಲ್ಲಿ ನೀವೊಬ್ರೇ ಇರ್ಬೇಕು. ಹೋಗ್ಲಿ ಬಿಡಿ. ಚೆನ್ನಾಗಿದೆ." ಗೋಡೆಯ ಕಡೆ ಹೊರಳಿ ಮಲಗಿದಳು.

ಮದುವೆಗೆಂದು ಆ ಊರಿಗೆ ಹೋದಾಗ ಪಾರ್ಮಿನ್ ಕೂಡ ಆ ನೀರು ನೋಡಿದ್ದ, ಅದರಲ್ಲೇ ಮಿಂದಿದ್ದ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಆ ಬಣ್ಣ ಅವನ ಕಣ್ಣಿಗೆ ಕೊಳೆಯಾಗಿಬಿಟ್ಟಿತ್ತು. ಸಬ್ರಿಗೆ ಫೋನ್ ಮಾಡಿದ. ಇನ್ನೊಂದು ಬೇರು ಹುಡುಕಿ ತರಲು ಎಂಟು ದಿನವಾದರೂ ಬೇಕು ಎಂದ ಅವನು. ಅಕ್ಕನಿಗೆ ಎಂಟು ದಿನವಿದೆಯೇ ಎಂದು ಅವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಅಂಗಡಿಯ ಮೂಲೆಯಲ್ಲಿ ಒಣಗಿದ ಕಾಡುಬಾದಾಮಿ ಎಲೆಯ ಕಟ್ಟುಗಳಿದ್ದವು. ನೀರಿಗೆ ಹಾಕಿದರೆ ಬಣ್ಣ ಬಿಡುತ್ತವೆ. ಫೈಟರ್ ಮೀನು ಸಾಕುವವರು ಒಯ್ಯುತ್ತಾರೆ. ಕೈಯಲ್ಲಿ ಶಕ್ತಿಯಿರುವವರೆಗೆ ಅವನ್ನು ಒಣಗಿಸಿ ಕಟ್ಟುತ್ತಿದ್ದವಳು ಮಸ್ನಿಯಾಳೇ. ಕೊನೆಯ ಬಾರಿಗೆ ಅವಳು ಕಟ್ಟಿದ್ದ ಕಟ್ಟನ್ನು ಬಿಚ್ಚಿ, ಮಧ್ಯಾಹ್ನ ಅವಳು ನಿದ್ದೆಹೋದ ಮೇಲೆ ಅದೇ ಹಂಡೆಯಲ್ಲಿ ಕುದಿಸಿದ. ಆರಿಸಿ, ಸೋಸಿ, ಲೋಟ ಲೋಟವಾಗಿ ತೊಟ್ಟಿಗೆ ಬೆರೆಸಿದ.

ಅವಳು ಕಣ್ಣು ಬಿಟ್ಟಾಗ ಸಂಜೆಯ ಬಿಸಿಲು ತೊಟ್ಟಿಯೊಳಗೆ ಕೆಂಪಗೆ ಕುಳಿತಿತ್ತು. ಮರಳು, ಗಿಡ ಎಲ್ಲ ಮಬ್ಬಾಗಿ, ಬೇರು ಮಾತ್ರ ನಿಜವಾದ ದಡದಲ್ಲಿರುವಂತೆ ನಿಂತಿತ್ತು.

"ಸಬ್ರಿ ಎರಡು ಕ್ಯಾನು ನೀರು ಕಳಿಸಿದ್ದಾನೆ. ವಿಮಾನದಲ್ಲಿ ಬರೋರ ಕೈಲಿ" ಎಂದ ಪಾರ್ಮಿನ್. "ನಿಮ್ಮೂರ ನೀರೇ."

ಮಸ್ನಿಯಾ ಬಹಳ ಹೊತ್ತು ನೋಡಿದಳು. ಬಾತ ಕೈಯನ್ನು ಗಾಜಿನ ಮೇಲಿಟ್ಟು, ಒಳಗಿನ ಹಗ್ಗದ ಗುರುತಿನ ಉದ್ದಕ್ಕೂ ಬೆರಳಾಡಿಸಿದಳು.

"ಸಬ್ರಿ ಚೆನ್ನಾಗಿದ್ದಾನಾ?"

"ಹೂಂ. ಚೆನ್ನಾಗಿದ್ದಾನೆ."

"ರೀ."

"ಏನು?"

"ಇನ್ನು ನಾಲ್ಕು ಎಲೆ ಹಾಕಿ. ನಮ್ಮೂರ ನೀರು ಇದಕ್ಕಿಂತ ಕಪ್ಪು."